ಚೆಕಿಂಗ್ ಕುರ್ಚಿ

ಹನ್ನೊಂದು ವರ್ಷದಿಂದ ಅವಳು ಒಂದೇ ಕುರ್ಚಿಯಲ್ಲಿ ಕೂತಿದ್ದಳು. ಅದು ಶರ್ಟು ಹೊಲಿಯುವ ಕಾರ್ಖಾನೆ. ಕಾಲರಿನವಳು ಕಾಲರು ಕೂರಿಸಿ, ತೋಳಿನವಳು ತೋಳು ಜೋಡಿಸಿ, ಗುಂಡಿಯವರು ಗುಂಡಿ ಹಾಕಿದ ಮೇಲೆ ಶರ್ಟು ಅವಳ ಮೇಜಿಗೆ ಬರುತ್ತಿತ್ತು. ಹೊಲಿಗೆ ಸೊಟ್ಟಗಿದ್ದರೆ ಕೆಂಪು ದಾರ ಕಟ್ಟಿ ವಾಪಸು ಕಳಿಸುವುದು ಅವಳ ಕೆಲಸ. ವಾಪಸು ಬಂದದ್ದನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಹಾಗಾಗಿ ಇಡೀ ಕಾರ್ಖಾನೆ ಅವಳನ್ನು ಗೂಬೆ ಎನ್ನುತ್ತಿತ್ತು. ಮುಖದೆದುರಿಗೇ.

ಬೈಗುಳ ಅವಳಿಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗದ್ದು ಊಟದ ಹೊತ್ತು. ಹೆಂಗಸರೆಲ್ಲ ಗೋಡೆ ಪಕ್ಕ ಸುತ್ತಾಗಿ ಕೂತು, ಡಬ್ಬಿ ಬಿಚ್ಚಿ, ಇವಳ ಸುದ್ದಿಯನ್ನೇ ನಂಜಿಕೊಂಡು ಉಣ್ಣುತ್ತಿದ್ದರು. ಇವಳು ಇಸ್ತ್ರಿ ಮೇಜಿನ ಹತ್ತಿರ ಒಬ್ಬಳೇ. ಶರ್ಟು ಮಡಿಸುವವಳೊಬ್ಬಳು ಮಾತ್ರ ನಲ್ಲಿಯ ಹತ್ತಿರ ಸಿಕ್ಕಾಗ "ಊಟ ಆಯ್ತಾ ಅಕ್ಕಾ?" ಎಂದು ಕೇಳುತ್ತಿದ್ದಳು. ದಿನಕ್ಕೆ ಅದೊಂದೇ ಮನುಷ್ಯರ ಮಾತು.

ನನ್ನನ್ನು ಗುಂಡಿ ಮೆಷಿನ್ನಿಗೆ ಹಾಕಿ ಎಂದು ಸೂಪರ್‌ವೈಸರನ್ನು ಕೇಳಿ ಕೇಳಿ ಬಾಯಿ ಸೋತಿತ್ತು. ಈ ಸಲ ಕಣ್ಣಿನ ಡಾಕ್ಟರ ಚೀಟಿ ತಂದಳು. ಅವನು ಓದಿ ತಲೆ ಕೆರೆದುಕೊಂಡ. ಕಾಲರಿನವಳಿಗೂ ತೋಳಿನವಳಿಗೂ ಹಿಂದೆ ಎಣ್ಣೆ ಸೀಗೇಕಾಯಿ ಸಂಬಂಧ ಇದ್ದದ್ದನ್ನು ನೆನಪಿಸಿದ. ಅವರಿಬ್ಬರೂ ಒಂದಾಗಿದ್ದೇ ಇವಳನ್ನು ಬೈಯುವುದಕ್ಕೆ.

"ಮನೆ ಅಂದ್ಮೇಲೆ ಬಚ್ಚಲು ಬೇಕಲ್ಲಮ್ಮಾ. ಕೊಳೆ ನೀರು ಎಲ್ಲಾದ್ರೂ ಹರೀಬೇಕು" ಎಂದ.

"ಹನ್ನೊಂದು ವರ್ಷ ಹರಿಸಿದ್ದೀರಿ. ಸಾಕು."

ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟುವಾಗ ಕಾಲೇಜಿಗೆ ಹೋಗುವ ಮಗಳು ಸಮಾಜಶಾಸ್ತ್ರ ಉರು ಹೊಡೆಯುತ್ತಿದ್ದಳು. ಸಮಾಜ ಒಂದು ದೇಹದ ಹಾಗೆ, ಒಂದೊಂದು ಅಂಗವೂ ದೇಹ ನೆಟ್ಟಗಿರಲು ಏನೋ ಒಂದು ಕೆಲಸ ಮಾಡುತ್ತದೆ, ಕೆಲವು ಅಂಗಗಳ ಕೆಲಸ ಕಣ್ಣಿಗೆ ಕಾಣುವುದೂ ಇಲ್ಲ.

"ಅದರಿಂದ ಆ ಅಂಗಕ್ಕೇನು ಸಿಗುತ್ತೆ?" ಎಂದಳು ತಾಯಿ.

ಮಗಳು ಎರಡು ಪುಟ ತಿರುವಿ ನೋಡಿದಳು. "ಅದು ಪರೀಕ್ಷೆಗಿಲ್ಲಮ್ಮ."

ಆ ವಾರವೇ ಗುಂಡಿ ಮೆಷಿನ್ ಸಿಕ್ಕಿತು. ಕುರ್ಚಿಗೆ ಬಂದವಳು ಅದೇ ಮಡಿಸುವವಳು. ಇಲ್ಲ ಎನ್ನಲು ಬಾರದ ಹೆಂಗಸು, ಅದಕ್ಕೇ ಅವಳ ತಲೆಗೆ ಕಟ್ಟಿದ್ದು. ನಾಲ್ಕು ದಿನ ಅವಳು ಒಂದು ಶರ್ಟಿಗೂ ದಾರ ಕಟ್ಟಲಿಲ್ಲ. ಬೈಯಲು ಯಾರೂ ಸಿಗದೆ ಕಾಲರಿನವಳು ತೋಳಿನವಳ ಮೇಲೆ ಹರಿಹಾಯ್ದಳು. ತೋಳಿನವಳು ಕತ್ತರಿ ಬಿಸಾಕಿದಳು. ಊಟಕ್ಕೆ ಮೂರು ಗುಂಪಾಯಿತು. ಯಾವ ಗುಂಪೂ ಕರೆಯದೆ, ಹಳೇ ಗೂಬೆ ಇಸ್ತ್ರಿ ಮೇಜಿನ ಹತ್ತಿರವೇ ಉಂಡಳು. ಐದನೇ ದಿನ, ಕಳಿಸಿದ ಮಾಲೆಲ್ಲ ಕೊಂಡವರಿಂದ ಹಾಗೇ ವಾಪಸು ಬಂತು. ಸೂಪರ್‌ವೈಸರ್ ಹೊಸಬಳನ್ನು ಒಳಗೆ ಕರೆದು ಏನು ಹೇಳಿದನೋ, ಅವಳು ಕಣ್ಣೊರೆಸಿಕೊಂಡು ಬಂದು ಮಧ್ಯಾಹ್ನದೊಳಗೆ ಮೂವತ್ತು ಶರ್ಟಿಗೆ ಕೆಂಪು ದಾರ ಕಟ್ಟಿದಳು.

ಊಟದ ಹೊತ್ತಿಗೆ ಮೂರು ಗುಂಪೂ ಒಂದಾಗಿತ್ತು. ಕಾಲರಿನವಳು ಸರಿದು ಜಾಗ ಮಾಡಿದಳು.

"ಬಾರಕ್ಕ, ಇಲ್ಲಿ ಕೂತ್ಕೋ. ನೀನೇ ಎಷ್ಟೋ ವಾಸಿ ಇದ್ದೆ. ಈ ಹೊಸ ಗೂಬೇನ ನೋಡು."

ಹನ್ನೊಂದು ವರ್ಷ ಕಾದ ಜಾಗ. ಕೂತಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಇಸ್ತ್ರಿ ಮೇಜಿನ ಹತ್ತಿರ ಹೊಸಬಳು ಡಬ್ಬಿಯ ಮುಚ್ಚಳ ತೆಗೆಯದೆ ಕೂತಿದ್ದಳು. ಈಗ ಸುಮ್ಮನಿದ್ದರೆ ನಾಳೆ ಈ ಜಾಗ ಇರುವುದಿಲ್ಲ, ಅಷ್ಟು ಗೊತ್ತಿತ್ತು.

"ಮಡಿಸೋವಾಗ ಕಣ್ಮುಚ್ಚಿಕೊಂಡಿದ್ದವಳಿಗೆ ಈಗ ಮೈಯೆಲ್ಲ ಕಣ್ಣು" ಎಂದಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ತೋಳಿನವಳು ತನ್ನ ಡಬ್ಬಿಯಿಂದ ಒಂದು ತುತ್ತು ತೆಗೆದು ಇವಳ ಡಬ್ಬಿಗೆ ಹಾಕಿದಳು. ಖುಷಿಯಾಗಬೇಕಿತ್ತು. ಅಲ್ಲೇ ಗೋಡೆಗೊರಗಿ ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕೆನಿಸಿತು, ಅಷ್ಟೆ.

ಕೈ ತೊಳೆಯಲು ನಲ್ಲಿಗೆ ಹೋದಾಗ ಹೊಸಬಳೂ ಬಂದಳು. ಆ ನಗು ಕೇಳಿಸದಿರಲು ಅವಳೇನು ಕಿವುಡಿಯಲ್ಲ.

"ಊಟ ಆಯ್ತಾ ಅಕ್ಕಾ?" ಎಂದಳು.

"ಆಯ್ತು."

ನಿಂದಾಯ್ತಾ ಎಂದು ಕೇಳಲು ಮುಖವಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಗುಂಡಿ ಮೆಷಿನ್ನಿಗೆ ಹೋಗಿ ಕೂತಳು. ಅಲ್ಲಿ ಕೆಂಪು ದಾರ ಕಟ್ಟಿದ ಶರ್ಟೊಂದು ಅವಳಿಗಾಗಿ ಕಾದಿತ್ತು.