ಚೀನಾಕ್ಕೆ ಹೋಗಿ ಬಂದ ಕೂದಲು

ನಾನು ಒಂದು ವಿಗ್ಗು. ನಗಬೇಡಿ. ಕುರ್ಚಿ, ಕೊಡೆ, ಚಪ್ಪಲಿಗಳು ತಮ್ಮ ಜೀವನ ಹೇಳಿಕೊಂಡರೆ ಗಂಭೀರವಾಗಿ ಕೂತು ಕೇಳುತ್ತೀರಿ, ನಾನು ಬಾಯಿ ತೆರೆದರೆ ಮಾತ್ರ ಕಿಸಕ್ಕೆನ್ನುತ್ತೀರಿ. ಅವೆಲ್ಲ ತಮ್ಮ ಯಜಮಾನರನ್ನು ಕೆಳಗಿನಿಂದ ನೋಡಿದವು. ನಾನು ನೋಡಿದ್ದು ಮೇಲಿನಿಂದ. ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಬೆಲೆ ಕೊಡಿ.

ನನ್ನ ಒಳಗಡೆ 'ಮೇಡ್ ಇನ್ ಚೀನಾ' ಎಂಬ ಪಟ್ಟಿ ಹೊಲಿದಿದ್ದಾರೆ. ಅದು ಅರ್ಧ ಸತ್ಯ. ನಾನು ಹುಟ್ಟಿದ್ದು ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ, ಹುಲಿಗೆಮ್ಮನ ತಲೆಯ ಮೇಲೆ. ಎಂಥ ತಲೆ ಅಂತೀರಿ! ಕೂದಲು ಬಿಟ್ಟುಕೊಂಡು ಕಟ್ಟೆಯ ಮೇಲೆ ಕೂತರೆ ತುದಿ ನೆಲ ಗುಡಿಸುತ್ತಿತ್ತು. ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ, ಸೀಗೆಕಾಯಿ, ಹಬ್ಬಕ್ಕೆ ಮೊಳ ಮಲ್ಲಿಗೆ. ಅಂಥ ಸುಖದಲ್ಲಿ ಬೆಳೆದವರು ನಾವು. ಆದರೆ ಬಾಚಣಿಗೆ ಎಂಬುದೊಂದು ಇದೆಯಲ್ಲ. ದಿನವೂ ನಮ್ಮಲ್ಲಿ ಒಂದಿಷ್ಟು ಎಳೆಗಳು ಅದಕ್ಕೆ ಸಿಕ್ಕಿ ಕಿತ್ತು ಬರುತ್ತಿದ್ದವು. ಹುಲಿಗೆಮ್ಮ ಅವನ್ನು ಬೆರಳಿಗೆ ಸುತ್ತಿ, ದೃಷ್ಟಿ ತಾಗದಿರಲೆಂದು 'ಥೂ ಥೂ' ಎಂದು ಉಗುಳಿ, ಹಿತ್ತಲ ಗೋಡೆಯ ಸಂದಿಗೆ ತುರುಕುತ್ತಿದ್ದಳು. ತಾಯಿಯೇ ಉಗುಳಿದರೆ ಯಾರಿಗೆ ದೂರು ಹೇಳುವುದು?

ಹುಲಿಗೆಮ್ಮನ ಗಂಡ ವಿರೂಪಾಕ್ಷಪ್ಪ ಸಾವ್ಕಾರರು ಕೂದಲ ವ್ಯಾಪಾರಿ. ಬಾಚಿ ಉದುರಿದ ಕೂದಲನ್ನು ಊರೂರಿನಿಂದ ಮೂಟೆಗಟ್ಟಲೆ ಕೊಂಡು, ಶೆಡ್ಡಿನಲ್ಲಿ ಹೆಂಗಸರಿಂದ ಸಿಕ್ಕು ಬಿಡಿಸಿ, ಉದ್ದವಾರು ವಿಂಗಡಿಸಿ ಚೀನಾಕ್ಕೆ ಕಳಿಸುತ್ತಿದ್ದರು. ಅವರ ತಲೆ ಮಾತ್ರ ತೊಳೆದಿಟ್ಟ ತಟ್ಟೆ. ಒಂದು ಎಳೆ ಇಲ್ಲ. ಇಷ್ಟಾದರೂ ಹುಲಿಗೆಮ್ಮ ತನ್ನ ಕೂದಲನ್ನು ಗಂಡನಿಗೆ ಕೊಡುತ್ತಿರಲಿಲ್ಲ. ಸೈಕಲ್ ಮೇಲೆ 'ಕೂದ್ಲಾ... ಕೂದ್ಲಿಗೆ ಪಾತ್ರೀ...' ಎಂದು ಕೂಗುತ್ತ ಬರುವವನಿಗೆ ಕೊಡುತ್ತಿದ್ದಳು.

"ಇವ್ರಿಗೆ ಕೊಟ್ರ 'ಹೂಂ, ಅಲ್ಲಿಡು' ಅಂತಾರ. ಅವ್ಗ ಕೊಟ್ರ ಸ್ಟೀಲಿನ ವಾಟಗಾ ಬರತೈತಿ," ಎಂಬುದು ಅವಳ ಲೆಕ್ಕ.

ಹೀಗೆ ಗೋಡೆ ಸಂದಿಯ ನಾವೆಲ್ಲ ಚಹಾ ಕುಡಿಯುವ ಒಂದು ವಾಟಗಾಕ್ಕೆ ಮಾರಾಟವಾದೆವು. ಸೈಕಲ್ಲಿನವನು ಓಣಿ ಸುತ್ತಿ ಬಂದು ಸಂಜೆ ನಮ್ಮನ್ನು ವಿರೂಪಾಕ್ಷಪ್ಪನವರಿಗೇ ಮಾರಿದ. ಸಾವ್ಕಾರರು ಮೂಸಿ, ಎಳೆದು ನೋಡಿ, "ಚಲೋ ಮಾಲೈತಲೇ, ಯಾವ ಊರಿಂದು?" ಎಂದರು. ಹಿತ್ತಲಿನಿಂದ ಹೊರಟವರು ಮುಂಬಾಗಿಲಿನಿಂದ ಒಳಗೆ ಬಂದೆವು, ಹೆಚ್ಚಿನ ಬೆಲೆಗೆ. ಜಗತ್ತಿನ ವ್ಯಾಪಾರವೆಂದರೆ ಏನೆಂದು ನನಗೆ ಅಂದೇ ತಿಳಿಯಿತು.

ಶೆಡ್ಡಿನಲ್ಲಿ ಹುಸೇನಬಿ ಎಂಬಾಕೆ ನಮ್ಮ ಸಿಕ್ಕು ಬಿಡಿಸಿದಳು. ಅವಳ ಬೆರಳು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅಲ್ಲಿ ದಿನ ಬೆಳಗಾದರೆ ಒಂದೇ ಪ್ರಶ್ನೆ: ಚೀನಾದಾಗ ರೇಟ್ ಎಷ್ಟು? ಊರಲ್ಲಿ ಮಳೆ ಬಂತೋ ಬಿಟ್ಟಿತೋ ಯಾರೂ ಕೇಳುತ್ತಿರಲಿಲ್ಲ. ರೇಟ್ ಏರಿದರೆ ಸಾವ್ಕಾರರು ಎಲ್ಲರಿಗೂ ಮಿರ್ಚಿ ಭಜಿ ತರಿಸುತ್ತಿದ್ದರು, ಇಳಿದರೆ ಚಹಾಕ್ಕೂ ಸಕ್ಕರೆ ಕಡಿಮೆ. ಆ ರೇಟ್ ಹೇಳುವವನು ಲಿಯಾಂಗ್ ಎಂಬ ಚೀನಾದ ಖರೀದಿದಾರ. ಬಂದರೆ ಹರಕುಮುರುಕು ಹಿಂದಿಯಲ್ಲಿ ಮಾತಾಡುತ್ತಿದ್ದ. ಕನ್ನಡದಲ್ಲಿ ಅವನು ಕಲಿತದ್ದು ಎರಡೇ ಮಾತು. ಒಂದು, "ಚಾ ಚಲೋ ಐತಿ." ಇನ್ನೊಂದು, ರೇಟ್ ಕೇಳಿದಾಗಲೆಲ್ಲ ಹೇಳುತ್ತಿದ್ದ "ನಾಳಿ ಹೇಳ್ತೀನಿ." ಆ ನಾಳೆಯ ಆಸೆಯಲ್ಲಿ ಊರಿಗೆ ಊರೇ ಒಂದು ರಾತ್ರಿ ನಿದ್ದೆಗೆಡುತ್ತಿತ್ತು.

ನಾನು ಹಡಗು ಹತ್ತಿ ಚೀನಾಕ್ಕೆ ಹೋದೆ. ಅಲ್ಲಿಯ ಕಾರ್ಖಾನೆ ನೋಡಿ ನನ್ನ ಜಂಬ ಇಳಿದುಹೋಯಿತು. ಜಗತ್ತಿನ ಎಲ್ಲ ತಲೆಗಳ ಕೂದಲೂ ಒಂದೇ ಕೋಣೆಯಲ್ಲಿ! ಪಕ್ಕದ ಗೊಂಚಲು ಬರ್ಮಾದ್ದಂತೆ, ಎದುರಿನದು ಬ್ರೆಜಿಲ್ಲಿನದಂತೆ. ನಾನು ಕೊಪ್ಪಳದವನೆಂದರೆ ಯಾರಿಗೂ ಏನೂ ಅನಿಸಲಿಲ್ಲ. ಅಲ್ಲಿನ ಹೆಣ್ಣುಮಗಳೊಬ್ಬಳು ತೆಳು ಬಲೆಯೊಂದಕ್ಕೆ ಸಣ್ಣ ಕೊಕ್ಕೆ ಸೂಜಿಯಿಂದ ನನ್ನನ್ನು ಎಳೆ ಎಳೆಯಾಗಿ ಗಂಟು ಹಾಕಿ ಕಟ್ಟಿದಳು. ಅವಳೂ ಹುಸೇನಬಿಯ ಹಾಗೆ ನಡುವೆ ನಡುವೆ ಸೊಂಟ ಹಿಡಿದುಕೊಂಡು ನೆಟಿಗೆ ಮುರಿಯುತ್ತಿದ್ದಳು. ಬೇರೆ ಬೇರೆ ತಲೆಯ ಕೂದಲು ನನ್ನೊಳಗೆ ಸೇರಿದವು. ಆದರೆ ಹಣೆಯ ಮೇಲಿನ ಮುಂಗುರುಳಷ್ಟೂ ಹುಲಿಗೆಮ್ಮನದು. ಈ ಕಥೆ ಹೇಳುತ್ತಿರುವುದು ಆ ಮುಂಗುರುಳೇ.

ವಾಪಸು ಬರುವಾಗ ಪೆಟ್ಟಿಗೆ ತುಂಬ ಗದ್ದಲ. ದೀಪಾವಳಿಯ ಮಿಣಿಮಿಣಿ ದೀಪದ ಸರ, ಮೊಬೈಲಿನ ಕವರು, ಕುಣಿಯುವ ಗೊಂಬೆ, ಉಗುರು ಕತ್ತರಿ. ಆ ಉಗುರು ಕತ್ತರಿ ತನ್ನನ್ನು ಸಂಡೂರಿನ ಕಬ್ಬಿಣದ ಗಣಿಯದೆಂದು ಪರಿಚಯಿಸಿಕೊಂಡಿತು. "ಹೋಗೋವಾಗ ಮಣ್ಣಾಗಿ ಹೋಗಿದ್ನಿ, ನೋಡೀಗ," ಎಂದು ಬಾಯಿ ಕಟಕಟ ಅನಿಸಿತು. ನಮ್ಮ ಕಡೆಯಿಂದ ಹೋಗುವುದೆಲ್ಲ ಮಣ್ಣು, ಕಲ್ಲು, ಕೂದಲು. ಬರುವುದೆಲ್ಲ ಬಣ್ಣದ ಡಬ್ಬಿಯೊಳಗೆ, ಬೆಲೆಯ ಚೀಟಿ ಅಂಟಿಸಿಕೊಂಡು.

ನನ್ನನ್ನು ತಂದವನು ಲಿಯಾಂಗನೇ. ಆ ವರ್ಷ ವ್ಯಾಪಾರ ಚೆನ್ನಾಗಿ ನಡೆದಿತ್ತು, ಖುಷಿಗೆಂದು ವಿರೂಪಾಕ್ಷಪ್ಪನವರಿಗೆ ನನ್ನನ್ನು ಉಡುಗೊರೆ ಕೊಟ್ಟ. ಸಾವ್ಕಾರರು ಕೋಣೆ ಬಾಗಿಲು ಹಾಕಿಕೊಂಡು ನನ್ನನ್ನು ಇಟ್ಟುಕೊಂಡರು, ಕನ್ನಡಿ ನೋಡಿದರು, ಕಣ್ಣಲ್ಲಿ ನೀರು ತಂದುಕೊಂಡರು. ಅಂದಿನಿಂದ ಅವರ ನಡಿಗೆಯೇ ಬೇರೆ. ಅಂಗಡಿ ಉದ್ಘಾಟನೆಗೆ ಕರೆದರೆ ಹೋಗುವರು, ಹಾರ ಹಾಕಿಸಿಕೊಳ್ಳುವರು, ಬಸ್ ನಿಲ್ದಾಣದ ಎದುರಿನ ಫ್ಲೆಕ್ಸಿನಲ್ಲಿ ನನ್ನ ಸಮೇತ ಕೈಮುಗಿದು ನಿಲ್ಲುವರು. ಇದು ತಮ್ಮ ಸ್ವಂತ ಕೂದಲು, ಯಾವುದೋ ಎಣ್ಣೆ ಹಚ್ಚಿ ಬಂತು ಎಂದು ಊರೆಲ್ಲ ನಂಬಿದೆಯೆಂದು ಅವರು ನಂಬಿದ್ದರು.

ನಾನೋ, ಹೆಂಡತಿಯ ಕೂದಲು ಗಂಡನ ತಲೆಯ ಮೇಲೆ ಕೂತು ಮೆರೆಯುತ್ತಿದ್ದೆ. ಹುಲಿಗೆಮ್ಮ ಅದೇ ಸ್ಟೀಲಿನ ವಾಟಗಾದಲ್ಲಿ ಗಂಡನಿಗೆ ಚಹಾ ತಂದುಕೊಡುತ್ತಿದ್ದಳು. ಒಮ್ಮೆಯಾದರೂ ನನ್ನನ್ನು ಗುರುತಿಸುತ್ತಾಳೇನೋ ಎಂದು ಕಾದೆ. ಅವಳು ಮೂಗು ಮುರಿದು, "ಯಾವ್ದೋ ದೇಶದ್ದು, ತೊಳದರೂ ನಾತ ಹೋಗವಲ್ದು," ಎಂದಳು. ನಾನು ಆ ದಿನ ಪೂರ್ತಿ ಯಾರ ಹತ್ತಿರವೂ ಮಾತಾಡಲಿಲ್ಲ.

ಸುಖ ಎಷ್ಟು ದಿನ? ಒಂದು ಬೇಸಿಗೆಯಲ್ಲಿ ಲಿಯಾಂಗ್ ಬಂದ. ಚಹಾ ಚಲೋ ಐತಿ ಎಂದ. ಆಮೇಲೆ, ಸಿಕ್ಕು ಬಿಡಿಸುವ ಕೆಲಸ ಇನ್ನೊಂದು ದೇಶದಲ್ಲಿ ಅಗ್ಗಕ್ಕೆ ಆಗುತ್ತಿದೆ, ಇನ್ನು ವಿಂಗಡಿಸಿದ ಮಾಲು ಬೇಡ, ಗಂಟುಗಂಟಾಗಿ ಮೂಟೆ ಕಟ್ಟಿ ಕೊಟ್ಟರೆ ಸಾಕು ಎಂದ. ಅಂದರೆ ಶೆಡ್ಡಿನ ಹೆಂಗಸರಿಗೆ ಕೆಲಸವಿಲ್ಲ. ಮಳೆಗಾಲದ ಹೊತ್ತಿಗೆ ಬಾಗಿಲು ಹಾಕುವುದೆಂದು ಸಾವ್ಕಾರರು ತಲೆ ಕೆಳಗೆ ಹಾಕಿ ಹೇಳಿದರು. ನಾನು ಜಾರಿ ಬೀಳುವುದರಲ್ಲಿದ್ದೆ, ಅಷ್ಟು ಕೆಳಗೆ ಹಾಕಿದ್ದರು.

"ಅಲ್ರೀ," ಎಂದಳು ಹುಲಿಗೆಮ್ಮ ಅಂದು ಊಟಕ್ಕೆ ಬಡಿಸುತ್ತ, "ಕೂದ್ಲು ನಮ್ಮವು. ಸಿಕ್ಕು ಬಿಡ್ಸಾವ್ರು ನಾವು. ಕಡೀಕ ಗಂಟ್ ಹಾಕಿ ಕೂದ್ಲಿನ ಟೊಪ್ಪಿಗಿ ಮಾಡೂದಷ್ಟ ಅವ್ರು. ಅದನ್ನೂ ನಾವ ಮಾಡಿದ್ರ ಏನಕ್ಕೈತಿ?"

"ಅದು ಚೀನಾದವ್ರ ಕೈಯಾಗಿನ ಕೆಲಸ. ನಿಮಗೆಲ್ಲಿ ಬರತೈತಿ?"

"ನೋಡಿದ್ರ ಬರತೈತಿ. ನಿಮ್ಮ ತಲೀಮ್ಯಾಗಿಂದು ಒಂದಿನ ಕೊಡ್ರಿ, ಬಿಚ್ಚಿ ನೋಡ್ತೀವಿ."

ಸಾವ್ಕಾರರು ಎರಡೂ ಕೈಯಿಂದ ನನ್ನನ್ನು ಒತ್ತಿ ಹಿಡಿದರು. "ಜೀವಾ ಕೇಳು, ಕೊಡ್ತೀನಿ. ಇದನ್ನ ಕೇಳಬ್ಯಾಡ!"

ಸಾವ್ಕಾರರಿಗೆ ಮಧ್ಯಾಹ್ನ ಮಲಗುವ ರೂಢಿ. ಸೆಕೆಯೆಂದು ನನ್ನನ್ನು ಗೂಟಕ್ಕೆ ತಗುಲಿಹಾಕಿ ಗೊರಕೆ ಹೊಡೆಯುತ್ತಿದ್ದರು. ಮರುದಿನ ಗೊರಕೆ ಏರಿದ್ದೇ ತಡ, ಹುಲಿಗೆಮ್ಮ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶೆಡ್ಡಿಗೆ ಓಡಿದಳು. ಅವಳೂ ಹುಸೇನಬಿಯೂ ನನ್ನ ಹಿಂಬದಿಯಲ್ಲಿ ನಾಕು ಗಂಟು ಬಿಚ್ಚಿ, ಹೇಗೆ ಹಾಕಿದ್ದಾರೆಂದು ನೋಡಿ, ಹಳೆಯ ಸೊಳ್ಳೆ ಪರದೆಯ ತುಂಡಿಗೆ ಹಾಗೇ ಹಾಕಲು ನೋಡಿದರು. ಆಗಲಿಲ್ಲ. ಮತ್ತೆ ನಾಕು ಬಿಚ್ಚಿದರು. ಗೊರಕೆ ನಿಲ್ಲುವಷ್ಟರಲ್ಲಿ ನಾನು ಗೂಟದ ಮೇಲೆ ವಾಪಸು. ಮರುದಿನವೂ ಇದೇ ಕಥೆ. ಬಿಚ್ಚಿದ ಗಂಟು ತಿರುಗಿ ಹಾಕಲು ಅವರಿಗೆ ಇನ್ನೂ ಬರುತ್ತಿರಲಿಲ್ಲವಲ್ಲ, ನಾನು ದಿನದಿನಕ್ಕೆ ತೆಳ್ಳಗಾಗುತ್ತ ಹೋದೆ.

ಹುಟ್ಟುಕೂದಲು ಹೋದಾಗಲೂ ಸಾವ್ಕಾರರು ಇಷ್ಟು ಗಾಬರಿಯಾಗಿರಲಿಲ್ಲವಂತೆ. ಕನ್ನಡಿಗೆ ಬೆನ್ನು ತಿರುಗಿಸಿ ಇನ್ನೊಂದು ಕನ್ನಡಿ ಹಿಡಿದು ನೋಡುವರು. ಯಾರೂ ಇಲ್ಲದಾಗ ನನಗೆ ಭೃಂಗರಾಜ ಎಣ್ಣೆ ತಿಕ್ಕುವರು. ಕಡೆಗೆ ಕ್ಷೌರದಂಗಡಿಯ ಈರಣ್ಣನ ಕಿವಿಯಲ್ಲಿ, "ನಮ್ಮ ದೋಸ್ತನೊಬ್ಬ ವಿಗ್ ಹಾಕ್ಕೋತಾನಪಾ. ವಿಗ್ಗಿನ ಕೂದ್ಲಾನೂ ಉದರ್ತಾವೇನು?" ಎಂದು ಕೇಳಿದರು.

ಈರಣ್ಣ ನನ್ನನ್ನೇ ನೋಡುತ್ತ, "ನಿಮ್ಮ ದೋಸ್ತಗ ಹೇಳ್ರಿ, ಚೀನಾ ಮಾಲು, ಗ್ಯಾರಂಟಿ ಇಲ್ಲ," ಎಂದ.

ಸಾವ್ಕಾರರಿಗೆ ಅದು ಖರೆ ಅನಿಸಿತು. ಚೀನಾದ ಟಾರ್ಚು ಕೆಟ್ಟಿತ್ತು, ಚೀನಾದ ಗಡಿಯಾರ ನಿಂತಿತ್ತು, ಈಗ ಚೀನಾದ ಕೂದಲು ಉದುರುತ್ತಿತ್ತು. ಸಿಟ್ಟಿನಿಂದ ಲಿಯಾಂಗನಿಗೆ ಫೋನ್ ಹಚ್ಚಿ ಎಂಥ ಮಾಲು ಕೊಟ್ಟಿಯೋ ಎಂದು ಕೂಗಾಡಿದರು. ನಮ್ಮ ಮಾಲಿನ ಒಂದು ಎಳೆಯೂ ಹೋಗುವುದಿಲ್ಲ, ಒಂದಿನ ವಿಡಿಯೋದಲ್ಲಿ ನೋಡೇಬಿಡುತ್ತೇನೆ ಎಂದು ಅವನೂ ಕೂಗಾಡಿದ. ಅಡುಗೆಮನೆಯಲ್ಲಿ ಹುಲಿಗೆಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು.

ಮೊದಲ ಮಳೆ ಬಿದ್ದ ವಾರ, ಒಂದು ಮಧ್ಯಾಹ್ನ ಸಾವ್ಕಾರರಿಗೆ ಸೀನು ಬಂದು ಎಚ್ಚರವಾಯಿತು. ಗೂಟ ಖಾಲಿ. ತಲೆಗೆ ಟವೆಲ್ ಸುತ್ತಿಕೊಂಡು ಕಳ್ಳನನ್ನು ಹುಡುಕುತ್ತ ಶೆಡ್ಡಿಗೆ ನುಗ್ಗಿದರು. ಅಲ್ಲಿ ನಾನು ಅರ್ಧ ಬೋಳಾಗಿ ಹೆಂಡತಿಯ ತೊಡೆಯ ಮೇಲೆ ಬಿದ್ದಿದ್ದೆ. ಅವಳ ಕೈಯಲ್ಲಿ ಕೊಕ್ಕೆ ಸೂಜಿ. ಎದುರಿಗೆ ಬೋರಲು ಹಾಕಿದ ಗಡಿಗೆಯ ಮೇಲೆ, ಸೊಳ್ಳೆ ಪರದೆಗೆ ಕಟ್ಟಿದ, ಆಗಷ್ಟೇ ಮುಗಿದ ಕರ್ರನೆಯ ಹೊಸ ವಿಗ್ಗು. ಆ ಪರದೆಯೂ ಚೀನಾದ್ದೇ, ಅದಿರಲಿ.

"ಹುಲಿಗೀ! ನನ್ನ ತಲಿ ಬೋಳ್ ಮಾಡಿದೆಲ್ಲೇ!"

"ನಿಮ್ಮ ತಲಿ ಬೋಳ್ ಮಾಡಿದಾಂವ ದೇವ್ರು. ನಾ ಮಾಡಿದ್ದು ಟೊಪ್ಪಿಗಿ."

"ನನ್ನ ಮರ್ಯಾದಿ! ಬಸ್‌ಸ್ಟ್ಯಾಂಡಿನ್ಯಾಗ ಫ್ಲೆಕ್ಸ್ ಐತಿ ನಂದು!"

ಆಗ ಹುಸೇನಬಿ ಎದ್ದು ನಿಂತಳು. "ನಿಮ್ಮ ಕೂದ್ಲು ಹೋದ್ರ ಟವೆಲ್ ಸುತ್ಕೋತೀರಿ, ಸಾವ್ಕಾರ್ರ. ಈ ಬಾಗ್ಲಾ ಹಾಕಿದ್ರ ನಾವೇನ್ ಸುತ್ಕೊಳ್ಳೂನು, ಹೇಳ್ರಿ."

ಅಷ್ಟರಲ್ಲಿ ಸಾವ್ಕಾರರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನೋಡಿದರೆ ಲಿಯಾಂಗ್, ವಿಡಿಯೋ! ಬೋಳುತಲೆ ಕಂಡರೆ ಮಾನ ಹೋದೀತೆಂದು ಅವರು ಟವೆಲ್ ಕಿತ್ತೆಸೆದು, ಗಡಿಗೆಯ ಮೇಲಿನದನ್ನೇ ಎತ್ತಿ ತಲೆಗೆ ಒತ್ತಿಕೊಂಡರು. ಅವರ ತಲೆಯ ಅಳತೆಗೇ ಹುಡುಕಿ ತಂದಿದ್ದ ಗಡಿಗೆ ಅದು. ಬೆರಳು ಸೇರಿಸಲು ಸಂದಿಲ್ಲದಂತೆ ಕೂತಿತು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.

ಲಿಯಾಂಗ್ ಫೋನಿಗೆ ಕಣ್ಣು ಹತ್ತಿರ ತಂದು ನೋಡಿದ. ಎಡಕ್ಕೆ ತಿರುಗು ಎಂದ, ತಿರುಗಿದರು. ಬಗ್ಗು ಎಂದ, ಬಗ್ಗಿದರು. ಆಮೇಲೆ ಅವನ ಜಂಬ ನೋಡಬೇಕಿತ್ತು. ಕಾಡಿನ ಹಾಗೆ ದಟ್ಟವಾಗಿದೆ, ಇದಕ್ಕೆ ಉದುರುತ್ತದೆ ಅಂತೀಯಲ್ಲ, ಸುಳ್ಳುಗಾರ! ಇಂಥ ಗಂಟು ಹಾಕಲು ಚೀನಾದ ಕೈಯೇ ಬೇಕು, ನಿಮ್ಮ ಕಡೆಯವರಿಗೆ ನೂರು ವರ್ಷವಾದರೂ ಬರುವುದಿಲ್ಲ, ಎಂದ.

ಸಾವ್ಕಾರರು ಹೆಂಡತಿಯನ್ನು ನೋಡಿದರು. ಸೂಜಿ ಚುಚ್ಚಿ ಚುಚ್ಚಿ ಕಪ್ಪಾಗಿದ್ದ ಅವಳ ಬೆರಳು ನೋಡಿದರು. ಆಮೇಲೆ, ನಾನು ಕನಸಿನಲ್ಲೂ ನೆನೆಸದ ಕೆಲಸ ಮಾಡಿದರು. ಅಷ್ಟೂ ಹೆಂಗಸರ ಎದುರು, ಚೀನಾದವನ ಎದುರು, ವಿಗ್ಗನ್ನು ಎರಡೂ ಕೈಯಿಂದ ತಲೆಯಿಂದ ಎತ್ತಿ, ತಿರುಗಿಸಿ, ಒಳಗಿನ ಸೊಳ್ಳೆ ಪರದೆಯನ್ನು ಫೋನಿಗೆ ಹಿಡಿದರು.

"ಏ ಚೀನಾ ಕಾ ನಹೀ ಹೈ," ಎಂದರು. "ಮೇರಾ ಹುಲಿಗೀ ಬನಾಯಾ!"

ಸಾವ್ಕಾರರ ತಲೆ ಮಧ್ಯಾಹ್ನದ ಬೆಳಕಿಗೆ ಮಿಂಚಿತು. ಯಾರಿಗೂ ಆಶ್ಚರ್ಯವಾಗಲಿಲ್ಲ, ಎಲ್ಲರಿಗೂ ಮೊದಲಿನಿಂದ ಗೊತ್ತಿತ್ತು. ಹುಸೇನಬಿ ಮಾತ್ರ, "ನಮ್ಮಪ್ಪ, ಇವತ್ತ ಚಂದ ಕಂಡ್ಯೋ," ಎಂದು ನಿಂತಲ್ಲಿಂದಲೇ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಲಿಯಾಂಗ್ ವ್ಯಾಪಾರಸ್ಥ. ಇನ್ನೊಮ್ಮೆ ಹತ್ತಿರ ಹಿಡಿ ಎಂದ. ಹಿಡಿದರು. ಕಡೆಗೆ ಒಂದೇ ಮಾತು ಕೇಳಿದ: ರೇಟ್ ಎಷ್ಟು?

ಆ ಶೆಡ್ಡು ಹುಟ್ಟಿದಾಗಿನಿಂದ ಆ ಪ್ರಶ್ನೆ ಇಲ್ಲಿಂದ ಅಲ್ಲಿಗೆ ಹೋಗಿತ್ತೇ ಹೊರತು ಅಲ್ಲಿಂದ ಇಲ್ಲಿಗೆ ಬಂದಿರಲಿಲ್ಲ. ಸಾವ್ಕಾರರು ಬಾಯಿ ತೆರೆದು ಏನೋ ಒಂದು ಅಂಕಿ ಹೇಳುವುದರಲ್ಲಿದ್ದರು. ಹುಲಿಗೆಮ್ಮ ಅವರ ಮೊಣಕೈ ಚಿವುಟಿ ಫೋನಿಗೆ ಮುಖ ಕೊಟ್ಟಳು.

"ನಾಳಿ ಹೇಳ್ತೀವಿ," ಎಂದಳು.

ಅಂದು ರಾತ್ರಿ ನಿದ್ದೆಗೆಟ್ಟವನು ಲಿಯಾಂಗ್.

ಇದೆಲ್ಲ ಆಗಿ ಬಹಳ ದಿನವಾಯಿತು. ಮೊದಲು ಕಳಿಸಿದ ವಿಗ್ಗುಗಳಲ್ಲಿ ಅರ್ಧ ಸೊಟ್ಟವೆಂದು ತಿರುಗಿ ಬಂದವು, ಹುಬ್ಬಳ್ಳಿಯ ನಾಟಕದವರು ರಾಕ್ಷಸರಿಗಾದೀತೆಂದು ಕೊಂಡುಹೋದರು. ಆಮೇಲೆ ಕೈ ಕೂತಿತು. ಶೆಡ್ಡಿನ ಬಾಗಿಲು ಇವತ್ತಿಗೂ ಮುಚ್ಚಿಲ್ಲ. ಚೀನಾದವನೂ ಕೊಳ್ಳುತ್ತಾನೆ, ಕೊಂಡು ಒಳಗೆ ತನ್ನ ಪಟ್ಟಿ ಹೊಲಿದು ಮಾರುತ್ತಾನೆ ಎಂದು ಸಾವ್ಕಾರರಿಗೆ ಗುಮಾನಿ. ಅವರೀಗ ಬೋಳುತಲೆಯಲ್ಲೇ ಓಡಾಡುತ್ತಾರೆ, ಮದುವೆಗಿದ್ದರೆ ಮಾತ್ರ ಹೆಂಡತಿ ಮಾಡಿದ್ದು ಹಾಕಿಕೊಳ್ಳುತ್ತಾರೆ.

ನಾನು ಶೆಡ್ಡಿನ ಗೋಡೆಯ ಮೊಳೆಗೆ ನೇತಾಡುತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಗಂಟು ತೋರಿಸಲು ನನ್ನನ್ನೇ ಬಿಚ್ಚುತ್ತಾರೆ. ಈಗ ಉಳಿದಿರುವುದು ಬಲೆ, ಚೀನಾದ ಪಟ್ಟಿ, ಹಣೆಯ ಮೇಲಿನ ಆ ಮುಂಗುರುಳು. ಅದನ್ನು ಮಾತ್ರ ಯಾರೂ ಮುಟ್ಟಕೂಡದೆಂದು ಹುಲಿಗೆಮ್ಮನ ಕಟ್ಟಪ್ಪಣೆ. ಯಾಕೆಂದು ಅವಳಿಗೂ ಗೊತ್ತಿಲ್ಲ.

ಮೊನ್ನೆ ಹೊಸ ಹೆಂಗಸೊಬ್ಬಳು ನನ್ನನ್ನು ತಿರುವಿ ನೋಡಿ, "ಅಕ್ಕಾರ, ಇದು ಚೀನಾದ್ದೇನ್ರಿ?" ಎಂದಳು.

ಹುಲಿಗೆಮ್ಮನ ತಲೆ ಈಗ ನರೆತು ತೆಳ್ಳಗಾಗಿದೆ. ಸ್ಟೀಲಿನ ವಾಟಗಾ ಕೆಳಗಿಟ್ಟು, ನನ್ನ ಮುಂಗುರುಳನ್ನು ಬೆರಳಿಗೆ ಸುತ್ತಿ ಬಿಟ್ಟಳು. "ಬಲಿ ಚೀನಾದ್ದು. ಕೂದ್ಲು ಯಾವಾಕೀವೋ ಏನೋ. ಪುಣ್ಯಾತಗಿತ್ತಿ, ಚಲೋ ಕೂದ್ಲಿದ್ವು ನೋಡು ಆಕೀವು."

ನಿನ್ನವೇ ತಾಯಿ, ನಿನ್ನವೇ ಎಂದು ಎಷ್ಟು ಕೂಗಿದೆನೋ. ವಿಗ್ಗಿನ ಕೂಗು ಯಾರಿಗೆ ಕೇಳುತ್ತದೆ? ಆದರೆ ಈ ಸಲ ಅವಳು ಉಗುಳಲಿಲ್ಲ.