ಅಧ್ಯಕ್ಷರು ನೋಡಲು ಬಂದ ತುಕ್ಕು

ಕ್ಯಾಮೆರಾಕ್ಕೆ ಎರಡು ಸಾವಿರದ ನಾನೂರು ಯೂರೋ, ಲೆನ್ಸಿಗೆ ಒಂಬೈನೂರು, ಕಲ್ಲುಮುಳ್ಳು ತುಳಿಯುವ ಬೂಟಿಗೆ ನೂರ ಎಂಬತ್ತು. ಇಷ್ಟು ಸುರಿದ ಮೇಲೆ ಫೋಲ್ಕ್‌ಮಾರ್ ಟಿಬುರ್ಸ್ಕಿಗೆ ಬೇಕಾಗಿದ್ದುದು ಪುಕ್ಕಟೆ ಸಿಗುವ ತುಕ್ಕು. ಕಾರ್ಖಾನೆಗಳು ಮುಚ್ಚಿದ ಮೇಲೆ ಜರ್ಮನಿಯ ಒಬರ್‌ಹೌಸನ್ನಿನಲ್ಲಿ ಅದಕ್ಕೇನೂ ಬರವಿರಲಿಲ್ಲ. ಆದರೆ ಒಳ್ಳೆಯ ತುಕ್ಕನ್ನೆಲ್ಲ ಅವನ ಫೋಟೋ ಸಂಘದವರು ಆಗಲೇ ತೆಗೆದು ಮುಗಿಸಿದ್ದರು.

ಪ್ರತಿ ಭಾನುವಾರ ಸಂಘದವರು ಹಳೇ ಕುಲುಮೆ, ಚಿಮಣಿ, ಗೋದಾಮುಗಳ ನಡುವೆ ಕ್ಯಾಮೆರಾ ಹಿಡಿದು ಅಲೆಯುತ್ತಿದ್ದರು. ವರ್ಷದ ಕೊನೆಗೆ ಒಂದು ಕ್ಯಾಲೆಂಡರು. ಚಿತ್ರವನ್ನು ಎಲ್ಲರೂ ಕೂಡಿ ಹೋದ ನಡಿಗೆಯಲ್ಲೇ ತೆಗೆದಿರಬೇಕು, ಅದರಲ್ಲಿ ಮನುಷ್ಯರು ಇರಕೂಡದು. ಮನುಷ್ಯರು ಬಂದರೆ ಪಾಳು ಕೆಟ್ಟುಹೋಗುತ್ತದೆ ಎನ್ನುವುದು ಅಧ್ಯಕ್ಷ ಎಗ್ಗರ್ಟನ ಮತ. ತನ್ನ ಮನೆಯ ಕೊಳವೆಯಲ್ಲಿ ಒಂದು ಚುಕ್ಕೆ ತುಕ್ಕು ಕಂಡರೂ ಕೆಲಸದವನಿಗೆ ಫೋನ್ ಮಾಡುವ ಆಸಾಮಿ ಅವನು. ಫೋಲ್ಕ್‌ಮಾರನ ಒಂದು ಚಿತ್ರವೂ ಇದುವರೆಗೆ ಕ್ಯಾಲೆಂಡರು ಹತ್ತಿರಲಿಲ್ಲ. ಈ ಸಲ ಖಾಲಿ ಉಳಿದಿದ್ದುದು ಡಿಸೆಂಬರ್ ಪುಟ ಮಾತ್ರ.

"ನಮ್ಮ ಗೇಟಿನ ತುಕ್ಕನ್ನ ಈಸ್ಟರಿಗೆ ಮುಂಚೆ ನೀನೇ ಅಲ್ವಾ ಕೆರೆದು ಹಾಕಿದ್ದು? ಬಿಟ್ಟಿದ್ರೆ ಅದರದೇ ಫೋಟೋ ಹೊಡ್ಕೋಬಹುದಿತ್ತು" ಎಂದಳು ಹೆಂಡತಿ ರೋಸ್ವಿಟಾ.

ಒಂದು ಬುಧವಾರ ಸಂಜೆ, ಮುಚ್ಚಿದ ಉಕ್ಕಿನ ಕಾರ್ಖಾನೆಯ ಹಿಂದಿನ ಬಾಡಿಗೆ ತೋಟಗಳ ಓಣಿಯಲ್ಲಿ, ಅವನಿಗೆ ಆ ಗೇಟು ಕಂಡಿತು. ಕಿತ್ತಳೆ, ಕಂದು, ಅಲ್ಲಲ್ಲಿ ನೇರಳೆ. ಬೆನ್ನಿಗೆ ಹೊಗೆಯಿಲ್ಲದ ಚಿಮಣಿ. ಮೊಣಕಾಲೂರಿ ಒಂದೊಂದು ಕೀಲನ್ನೂ ಕ್ಯಾಮೆರಾದಲ್ಲಿ ನೋಡಿದ. ಒಳಗೆ ಬೀನ್ಸ್ ಕೀಳುತ್ತಿದ್ದ ಮುದುಕಿ ಹನ್ನೆಲೋರೆ ಕಚೋರ್ ಎದ್ದು ಬಂದಳು.

"ಏನಾಗ್ಬೇಕಿತ್ತು ಸ್ವಾಮಿ?"

"ಅಬ್ಬಾ, ಎಂಥಾ ತುಕ್ಕು ಕಣ್ರೀ! ಎಷ್ಟು ಕಾಲ ಆಯ್ತು ಇದನ್ನ ಮುಟ್ಟಿ?"

"ನಮ್ಮ ಯಜಮಾನ್ರು ಹೋದ್ಮೇಲೆ ಯಾರೂ ಮುಟ್ಟಿಲ್ಲ."

"ಭಾನುವಾರ ನಮ್ಮ ಅಧ್ಯಕ್ಷರನ್ನೇ ಕರ್ಕೊಂಡ್ ಬರ್ತೀನಿ. ಅವರೇ ಕಣ್ಣಾರೆ ನೋಡ್ಲಿ."

ಮುದುಕಿಯ ಮುಖ ಬಿಳಿಚಿಕೊಂಡಿದ್ದು ಅವನಿಗೆ ಕಾಣಲಿಲ್ಲ. ಅವನು ಗೇಟನ್ನು ನೋಡುತ್ತಿದ್ದ. ಆ ಓಣಿಯಲ್ಲಿ ಅಧ್ಯಕ್ಷರೆಂದರೆ ತೋಟಗಾರರ ಸಂಘದವರು. ಬೇಲಿ ಗೇಣು ಹೆಚ್ಚು ಬೆಳೆದರೂ ನೋಟೀಸು ಕೊಡುವವರು, ನೋಟೀಸಿಗೆ ಬಗ್ಗದಿದ್ದರೆ ತೋಟ ಬಿಡಿಸುವವರು.

ಭಾನುವಾರ ಫೋಲ್ಕ್‌ಮಾರ್ ಸಂಘವನ್ನೆಲ್ಲ ಹಿಂದೆ ಕಟ್ಟಿಕೊಂಡು ಓಣಿಗೆ ತಿರುಗಿದ. ಗೇಟು ಗಿಳಿಹಸಿರು! ಸುದ್ದಿ ಹಬ್ಬಿ ಅಕ್ಕಪಕ್ಕದವರ ಗೇಟುಗಳೂ ಹಸಿರು. ಚರ್ಚಿಗೆ ಹೋಗುವ ಉಡುಪಿನಲ್ಲಿ ಹನ್ನೆಲೋರೆ ಕಾದು ನಿಂತಿದ್ದಳು.

"ಬನ್ನಿ ಅಧ್ಯಕ್ಷರೇ! ಈಗ ಫೋಟೋ ತೆಗೀರಿ. ತೋಟ ಮಾತ್ರ ಕಿತ್ಕೋಬೇಡಿ."

ಎಗ್ಗರ್ಟ್ ಮೂಗು ಮುಚ್ಚಿಕೊಂಡ. "ಏನಯ್ಯಾ, ಪೇಂಟಿನಂಗಡಿಗೆ ಕರ್ಕೊಂಡ್ ಬಂದ್ಯಾ? ನಡೀರಿ ನಡೀರಿ, ಆ ಹಳೇ ಗ್ಯಾಸ್ ಟ್ಯಾಂಕಿನ ಮೇಲೆ ಬೆಳಕು ಹೋಗ್ತಿದೆ. ನೀನು ಬರ್ತೀಯೋ ಇಲ್ವೋ?"

ಈ ಸಲದ ಕ್ಯಾಲೆಂಡರಿಗೆ ಕೊನೆಯ ನಡಿಗೆ ಅದು. ಫೋಲ್ಕ್‌ಮಾರ್ ಮುದುಕಿಯ ಕೈ ನೋಡಿದ. ಉಗುರಿನ ಸಂದಿಯೆಲ್ಲ ಹಸಿರು.

"ನೀವು ಹೋಗ್ತಿರಿ" ಎಂದು ಅವರನ್ನು ಕಳಿಸಿ, ಅವಳತ್ತ ತಿರುಗಿದ. "ನಾವು ತೋಟದ ಸಂಘದವರಲ್ಲಮ್ಮಾ, ಫೋಟೋದವರು. ತುಕ್ಕು ಚೆನ್ನಾಗಿದೆ ಅಂತ ಹೇಳಿದ್ದು ನಾನು."

"ಚೆನ್ನಾಗಿತ್ತಾ!" ಮುದುಕಿ ಸೊಂಟಕ್ಕೆ ಕೈಯಿಟ್ಟಳು. "ಮೂರು ದಿನ ಬೆನ್ನು ಮುರ್ಕೊಂಡು ಉಜ್ಜಿದೀನಲ್ಲೋ ಮಾರಾಯಾ! ಒಳಗಿನ ಮಗ್ಗುಲು ಇನ್ನೂ ಬಾಕಿ ಇದೆ, ಹಿಡಿ ಬ್ರಷ್ಷು."

"ಇವತ್ತು ಭಾನುವಾರ, ಸದ್ದಿನ ಕೆಲಸ ಮಾಡೋ ಹಾಗಿಲ್ಲ, ಅಕ್ಕಪಕ್ಕದವರು ದೂರು..."

"ಬ್ರಷ್ಷು ಸದ್ದು ಮಾಡಲ್ಲ. ಬಾಯಿ ಮುಚ್ಕೊಂಡು ಬಳಿ."

ಡಿಸೆಂಬರ್ ಪುಟಕ್ಕೆ ಎಗ್ಗರ್ಟನ ಗ್ಯಾಸ್ ಟ್ಯಾಂಕು ಹೋಯಿತು. ಫೋಲ್ಕ್‌ಮಾರ್ ಕಳೆದುಕೊಂಡದ್ದು ಆ ಪುಟ ಮತ್ತು ಒಂದು ಒಳ್ಳೆಯ ಪ್ಯಾಂಟು. ಸಿಕ್ಕಿದ್ದು ಒಂದು ಚೀಲ ಬೀನ್ಸ್.