ಹಲ್ಲು ಹೇಗೆ ಮುರಿಯಿತು

ಹಲ್ಲಿನ ಡಾಕ್ಟರಮ್ಮನಿಗೆ ಗಂಡನ ಮನೆಯಲ್ಲಿ ರೇಡಿಯೋ ಎಂದೇ ಹೆಸರು. ಅವರಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಕುರ್ಚಿಯಲ್ಲಿ ಒರಗಿದವರು ಬಾಯಿ ತೆರೆದುಕೊಂಡು, ಹೆದರಿಕೊಂಡು, ಮಾತಾಡಲಾಗದೆ ಇರುತ್ತಾರೆ. ಇಬ್ಬರ ಪಾಲಿನ ಮಾತನ್ನೂ ತಾವೇ ಆಡಿಬಿಟ್ಟರೆ ಅವರ ಜೀವ ಹಗುರವಾಗುತ್ತದೆ ಎಂದು ನಂಬಿದ್ದರು. ಬಹಳ ಮಟ್ಟಿಗೆ ಅದು ನಿಜವೂ ಆಗಿತ್ತು.

ಆ ವರ್ಷ ದಂತವೈದ್ಯರ ನೋಂದಣಿ ನವೀಕರಿಸಲು ತರಬೇತಿಯ ಗಂಟೆಗಳು ಸಾಲದೆ ಬಂದವು. ಬೇಕಾದ ಕೋರ್ಸುಗಳೆಲ್ಲ ತುಂಬಿಹೋಗಿದ್ದವು. ಜಾಗ ಉಳಿದಿದ್ದದ್ದು ಒಂದರಲ್ಲೇ: ಹಿಂಸೆಗೆ ಒಳಗಾದವರನ್ನು ನೋಡಿಕೊಳ್ಳುವ ವೈದ್ಯರಿಗೂ ನರ್ಸುಗಳಿಗೂ ಎರಡು ದಿನದ ಶಿಬಿರ.

“ನನಗೂ ಅದಕ್ಕೂ ಏನ್ರೀ ಸಂಬಂಧ? ನಾನು ನೋಡೋದು ಹಲ್ಲು,” ಎಂದು ಗೊಣಗಿದರು.

“ಎರಡು ದಿನ ಬೇರೆಯವರು ಮಾತಾಡ್ತಾರೆ, ನೀನು ಕೇಳಿಸ್ಕೋಬೇಕು. ಹಿಂಸೆ ಅಂದ್ರೆ ಅದೇ,” ಎಂದ ಗಂಡ. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಮೊದಲ ದಿನ ಡಾಕ್ಟರಮ್ಮ ಹಿಂದಿನ ಸಾಲಿನಲ್ಲಿ ಕೂತು ಆಕಳಿಸುತ್ತಿದ್ದರು. ಮನೆಯೊಳಗಿನ ಪೆಟ್ಟು ಹೆಚ್ಚಾಗಿ ಬೀಳುವುದು ಮುಖಕ್ಕೆ, ದವಡೆಗೆ; ಆಸ್ಪತ್ರೆಗೆ ಹೋಗಲು ಅಂಜುವವರೂ ಹಲ್ಲು ಮುರಿದರೆ ಹಲ್ಲಿನವರ ಹತ್ತಿರ ಹೋಗಿಯೇ ಹೋಗುತ್ತಾರೆ ಎಂದು ಕಲಿಸುವಾಕೆ ಹೇಳಿದಾಗ ಮಾತ್ರ ನೆಟ್ಟಗೆ ಕೂತರು.

ಎರಡನೆಯ ದಿನ ಇಬ್ಬಿಬ್ಬರಾಗಿ ಅಭ್ಯಾಸ. ಡಾಕ್ಟರಮ್ಮನಿಗೆ ಜೊತೆಯಾದವರು ತುರ್ತು ಚಿಕಿತ್ಸೆಯ ವಾರ್ಡಿನ ಹಿರಿಯ ಸಿಸ್ಟರ್. ನಗು ಕಡಿಮೆಯ ಹೆಂಗಸು. ಅವರು ರೋಗಿಯಾಗಿ ದವಡೆ ಹಿಡಿದುಕೊಂಡು ಕೂತರು.

“ಅಯ್ಯೋ, ಏನಾಯ್ತಮ್ಮಾ? ಬಿದ್ದುಬಿಟ್ರಾ? ಬಚ್ಚಲಲ್ಲಿ ಜಾರಿದ್ರಾ?”

“ಹೂಂ,” ಎಂದರು ಸಿಸ್ಟರ್. ಮುಂದೆ ಮಾತಿಲ್ಲ.

“ಏನ್ ಸಿಸ್ಟರ್, ನೀವೂ ಏನಾದ್ರೂ ಹೇಳ್ಬೇಕಲ್ವಾ?”

“ಏನಂತ ಹೇಳ್ಲಿ ಡಾಕ್ಟ್ರೇ? ನಾನಿನ್ನೂ ಒಂದು ಸುಳ್ಳು ಹುಡುಕ್ತಾ ಇದ್ದೆ. ಅಷ್ಟರಲ್ಲಿ ನೀವೇ ತಂದು ಕೈಗಿಟ್ರಿ.”

ಸುತ್ತಲಿದ್ದವರು ನಕ್ಕರು, ಡಾಕ್ಟರಮ್ಮನೂ ನಕ್ಕರು. ಆದರೆ ಆ ಮಾತು ಅವರನ್ನು ಬಿಡಲಿಲ್ಲ. ಬಚ್ಚಲು, ಮೆಟ್ಟಿಲು, ಬಾಗಿಲು ಎಂದು ಇಷ್ಟು ವರ್ಷ ಎಷ್ಟು ಜನರ ಕೈಗೆ ಉತ್ತರ ಇಟ್ಟು ಕಳಿಸಿದ್ದೆನೋ! ಊಟದ ಬಿಡುವಿನಲ್ಲಿ ಸಿಸ್ಟರನ್ನು ಬಿಡದೆ ಕೂರಿಸಿಕೊಂಡು ಮತ್ತೆ ಅಭ್ಯಾಸ ಮಾಡಿದರು.

“ಒಂದೇ ಪ್ರಶ್ನೆ. ಆಮೇಲೆ ಬಾಯಿಗೆ ಬೀಗ,” ಎಂದರು ಸಿಸ್ಟರ್. ಬೀಗ ಹಾಕುವಷ್ಟರಲ್ಲಿ ರೇಡಿಯೋಗೆ ಬೆವರು ಇಳಿದುಹೋಯಿತು.

ಕೆಲವು ವಾರಗಳ ಮೇಲೆ ಪೀಠೋಪಕರಣದ ಕಾರ್ಖಾನೆಯ ಯಜಮಾನರು ಮಗನನ್ನು ಕರೆದುಕೊಂಡು ಬಂದರು. ಕ್ಲಿನಿಕ್ಕಿನ ಕಪಾಟುಗಳನ್ನು ಮಾಡಿಕೊಟ್ಟವರು ಅವರೇ. ನಯವಾದ ಮಾತು, ಅಚ್ಚುಕಟ್ಟು ಕೆಲಸ. ಮಗ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರುವಂಥ ಎತ್ತರದ ಆಳು. ತುಟಿ ಊದಿತ್ತು, ಮುಂದಿನ ಹಲ್ಲು ಅರ್ಧ ಇರಲಿಲ್ಲ. ಹಿಂದೆ ಒಮ್ಮೆ ಪಕ್ಕದ ಹಲ್ಲಿಗೂ ಹೀಗೇ ಆಗಿತ್ತು.

“ಮರದ ಪಟ್ಟಿ ಹಾರಿ ಬಡೀತು ಡಾಕ್ಟ್ರಮ್ಮಾ. ಇವನಿಗೆ ಮೈಮೇಲೆ ಎಚ್ಚರ ಇದ್ರೆ ತಾನೇ,” ಎಂದರು ತಂದೆ. ಮಗ ನೆಲ ನೋಡುತ್ತಿದ್ದ.

“ಎಕ್ಸ್‌ರೇ ತೆಗೀಬೇಕು. ನೀವು ಹೊರಗೆ ಕೂತಿರಿ ಯಜಮಾನ್ರೇ, ಒಳಗೆ ಒಬ್ಬರಿಗೇ ಜಾಗ.”

ಎಕ್ಸ್‌ರೇ ಮುಗಿಯಿತು. ಡಾಕ್ಟರಮ್ಮ ಬಾಗಿಲು ಮುಚ್ಚಿ, ಮಾಸ್ಕ್ ತೆಗೆದು, ಸ್ಟೂಲನ್ನು ಅವನ ಕಣ್ಣಿನ ಮಟ್ಟಕ್ಕೆ ಇಳಿಸಿ ಕೂತರು.

“ಈ ಹಲ್ಲು ಹೇಗೆ ಮುರೀತು?”

ಮರದ ಪಟ್ಟಿಯ ಮಾತು ಅವರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು.

“ಅಪ್ಪ ಹೇಳಿದ್ರಲ್ಲ.”

“ಅವರು ಹೇಳಿದ್ದು ಕೇಳಿಸ್ಕೊಂಡೆ.”

ಹೊರಗೆ ಫೋನು ಬಡಿದುಕೊಂಡು ಸುಮ್ಮನಾಯಿತು. ಅವನು ಕುರ್ಚಿಯ ಮೇಲಿನ ದೀಪವನ್ನೇ ನೋಡುತ್ತಿದ್ದ.

“ನಗಬೇಡಿ ಡಾಕ್ಟ್ರೇ.”

“ನಗಲ್ಲ.”

“ಅಪ್ಪ ಹೊಡೆದ್ರು. ಸುತ್ತಿಗೆಯ ಹಿಡಿಕೆಯಲ್ಲಿ. ಇಷ್ಟು ದೊಡ್ಡ ಆಳು, ಒಂದೇ ಕೈಲಿ ತಡೀಬಹುದು ಅಂತೀರಿ. ಕೈ ಏಳಲ್ಲ. ಚಿಕ್ಕಂದಿನಿಂದ ಹಾಗೇ.”

ಪೊಲೀಸರಿಗೆ ಹೇಳಿ, ಇವತ್ತೇ ಮನೆ ಬಿಡಿ ಎನ್ನಲು ಡಾಕ್ಟರಮ್ಮನ ಬಾಯಿ ತುರಿಸಿತು. ಆದರೆ ಹುಟ್ಟಿದಾಗಿನಿಂದ ಇನ್ನೊಬ್ಬರ ಅಪ್ಪಣೆಯಲ್ಲಿ ಬದುಕಿದವನಿಗೆ ಅಪ್ಪಣೆ ಕೊಡಲು ಮತ್ತೊಬ್ಬರು ಬೇಡ ಎಂದು ಶಿಬಿರದಲ್ಲಿ ಹೇಳಿಕೊಟ್ಟಿದ್ದರು.

“ನಿಮ್ಮ ಮಾತು ನಂಬ್ತೀನಿ. ಇದರಲ್ಲಿ ತಪ್ಪು ನಿಮ್ದಲ್ಲ. ಈಗ ಮನೆಗೆ ಹೋದ್ರೆ ಅಪಾಯ ಇದೆಯಾ?”

“ನನಗೇನಿಲ್ಲ. ಮಗ ಇದ್ದಾನೆ, ಒಂದನೇ ಕ್ಲಾಸು. ನಿನ್ನೆ ಅಪ್ಪ ಅವನ ಮೇಲೆ ಕೈ ಎತ್ತಿದ್ರು. ನಾನು ಅಡ್ಡ ಹೋದೆ. ಅದಕ್ಕೇ ಇದು.”

“ಕೈ ಏಳಲ್ಲ ಅಂದ್ರಿ. ಮಗನಿಗೆ ಅಡ್ಡ ಹೋಗೋಕೆ ಕಾಲು ನಡೆದಿದೆಯಲ್ಲ.”

ಅವನು ಮುರಿದ ಹಲ್ಲಿನ ಮೇಲೆ ತುಟಿ ಬಿಗಿದುಕೊಂಡು ಅತ್ತ. ಡಾಕ್ಟರಮ್ಮ ಹತ್ತಿ ಕೊಟ್ಟರು. ಈಗ ಏನು ಮಾಡಬೇಕು ಅನ್ನಿಸುತ್ತೆ ಎಂದು ಕೇಳಿದ್ದು ಅವನ ಅಳು ನಿಂತ ಮೇಲೆ. ಗಾಯದ ಫೋಟೋ ಬೇಕೆಂದ, ನಡೆದದ್ದನ್ನು ಬರೆದಿಡಿ ಎಂದ, ಅಪ್ಪನಿಗೆ ಗೊತ್ತಾಗಬಾರದು ಎಂದ, ಹೆಂಡತಿಯ ಜೊತೆ ಮಾತಾಡಬೇಕು ಎಂದ. ಡಾಕ್ಟರಮ್ಮ ಶಿಬಿರದ ಸಿಸ್ಟರಿಗೆ ಫೋನು ಮಾಡಿ, ಹಿಂಸೆಗೆ ಒಳಗಾದವರ ಸಹಾಯ ಕೇಂದ್ರದ ನಂಬರು ಪಡೆದರು. ಅದನ್ನು ಅವನು ಮೊಬೈಲಿನಲ್ಲಿ ‘ಹಲ್ಲಿನ ಲ್ಯಾಬ್’ ಎಂದು ಹಾಕಿಕೊಂಡ.

“ಇನ್ನೂ ಎರಡು ಮೂರು ಸಲ ಬರಬೇಕಾಗುತ್ತೆ. ಅವರೊಬ್ಬರೇ ಬಂದ್ರೆ ಸಾಕು,” ಎಂದು ಹೊರಗಿದ್ದ ತಂದೆಗೆ ಹೇಳಿದರು.

ಮುಂದಿನ ಸಲ ಅವನು ಹೆಂಡತಿಯನ್ನು ಕರೆತಂದ. ಸಹಾಯ ಕೇಂದ್ರದ ಹೆಂಗಸೊಬ್ಬರು ಬಂದು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅವರ ಜೊತೆ ಮಾತಾಡಿದರು.

“ನಾನು ಯಾವತ್ತೋ ಬಟ್ಟೆ ಗಂಟು ಕಟ್ಟಿ ಇಟ್ಟಿದ್ದೀನಿ,” ಎಂದಳು ಹೆಂಡತಿ. “ಇವರು ಹೂಂ ಅನ್ಲಿ ಅಂತ ಕಾಯ್ತಾ ಇದ್ದೆ.”

ಆ ವಾರವೇ ಗಂಡ ಹೆಂಡತಿ ಮಗುವನ್ನು ಕರೆದುಕೊಂಡು ಅವಳ ಅಕ್ಕನ ಮನೆಗೆ ಹೋದರು. ಷಡ್ಡಕ ತನಗೆ ಗೊತ್ತಿದ್ದ ಕಿಟಕಿ ಚೌಕಟ್ಟಿನ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ ಹುಡುಕಿಕೊಟ್ಟ.

ತಂದೆ ಕ್ಲಿನಿಕ್ಕಿಗೆ ಬಂದರು. “ನನ್ನ ಮಗ ನಿಮ್ಮ ಹತ್ರ ಏನ್ ಹೇಳಿದ?”

“ರೋಗಿ ಹೇಳಿದ್ದನ್ನ ನಾನು ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ ಯಜಮಾನ್ರೇ.”

ಅವರು ಕೂಗಾಡಿದರು. ಕಾಯುತ್ತಿದ್ದವರು ಎದ್ದು ನಿಂತರು. ಆಮೇಲೆ ಯಜಮಾನರು ಒಮ್ಮೆಲೇ ದಣಿದವರಂತೆ ಬೆಂಚಿನ ಮೇಲೆ ಕುಸಿದರು. “ನಮ್ಮಪ್ಪ ನನಗೆ ಇದರ ಹತ್ತರಷ್ಟು ಹೊಡೀತಿದ್ದ. ನಾನೇನು ಮನೆ ಬಿಟ್ಟು ಹೋದ್ನಾ?”

ಡಾಕ್ಟರಮ್ಮನಿಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಆಯಿತು. “ನೀವು ತಿಂದ ಪೆಟ್ಟಿನ ಬಗ್ಗೆ ಯಾವತ್ತಾದ್ರೂ ಮಾತಾಡ್ಬೇಕು ಅನ್ನಿಸಿದ್ರೆ ಹೇಳಿ. ಕೇಳಿಸ್ಕೊಳ್ಳೋರ ವಿಳಾಸ ಕೊಡ್ತೀನಿ,” ಎಂದರು. ಅವರು ಎದ್ದು ಹೋದರು.

ಚಿಕಿತ್ಸೆಯ ಕೊನೆಯ ದಿನ ಮಗ ಮುರಿದ ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಲು ಬಂದ. ಅಪ್ಪನನ್ನು ಒಮ್ಮೆ ಕಾಫಿ ಅಂಗಡಿಯಲ್ಲಿ ಕಂಡನಂತೆ. ಮಗುವನ್ನು ಕರೆದುಕೊಂಡು ಹೋಗಿರಲಿಲ್ಲ.

“ಹೆದರಿಕೆ ಇತ್ತು ಡಾಕ್ಟ್ರೇ. ಆದ್ರೂ ಅವರು ದನಿ ಏರಿಸ್ತಿದ್ದ ಹಾಗೇ ನಾನು ಎದ್ದು ಬಂದೆ. ಕಾಫಿ ಅರ್ಧ ಹಾಗೇ ಇತ್ತು.”

“ಈಗ ಹೇಗಿದ್ದೀರಿ?”

“ರಾತ್ರಿ ನಿದ್ದೆ ಬರುತ್ತೆ. ಅಪ್ಪನ ನೆನಪೂ ಬರುತ್ತೆ.”

ಡಾಕ್ಟರಮ್ಮ ತಲೆಯಾಡಿಸಿ, ಕ್ಯಾಪ್ ಕೂರಿಸಿ, ಅವನ ಕೈಗೆ ಕನ್ನಡಿ ಕೊಟ್ಟರು. ಅವನು ಬಹಳ ಹೊತ್ತು ತನ್ನ ಮುಖ ನೋಡಿಕೊಂಡ.